ಸೆಮಿ-ಆಟೋಮ್ಯಾಟಿಕ್‌ಗೆ ಅತ್ತೆಯ ಒಪ್ಪಿಗೆ

ಮೊದಲ ಸಲ ಬಂದೂಕು ಕೊಳ್ಳುವವರಿಗೆ ಅಂಗಡಿಯವನು ಒಂದಷ್ಟು ಬುದ್ಧಿಮಾತು ಹೇಳಿಯೇ ಕಳಿಸುತ್ತಾನೆ. ಮೂತಿಯನ್ನು ಯಾರ ಕಡೆಗೂ ತಿರುಗಿಸಬೇಡಿ, ಗುರಿ ಹಿಡಿಯುವ ತನಕ ಬೆರಳು ಟ್ರಿಗರಿನಿಂದ ದೂರ ಇರಲಿ, ಖಾಲಿ ಇದೆಯೆಂದು ಗೊತ್ತಿದ್ದರೂ ತುಂಬಿದೆಯೆಂದೇ ತಿಳಿಯಿರಿ. ಎಲ್ಲ ಸರಿಯಾದ ಮಾತೇ, ನಾನು ಎಲ್ಲವನ್ನೂ ಪಾಲಿಸುತ್ತೇನೆ. ಆದರೆ ಧಾರವಾಡದಲ್ಲಿ ಅತ್ತೆ ಇರುವ ಹೆಂಗಸಿಗೆ ಹೇಳಬೇಕಾದ ಮುಖ್ಯ ಮಾತನ್ನು ಆ ಪುಣ್ಯಾತ್ಮ ಹೇಳಲೇ ಇಲ್ಲ. ಫೋನಿನಲ್ಲಿ 'ಸೆಮಿ-ಆಟೋಮ್ಯಾಟಿಕ್' ಅನ್ನುವುದಕ್ಕೆ ಮುಂಚೆ 'ಬಂದೂಕು' ಅನ್ನಿ. ಇದೊಂದನ್ನು ನಾನು ಉಲ್ಟಾ ಮಾಡಿದೆ, ಅದರ ಫಲ ಒಂದು ಇಡೀ ಬೇಸಿಗೆ ಉಂಡೆ.

ನಾನು ಈ ಬಂದೂಕಿನ ಸಹವಾಸಕ್ಕೆ ಯಾಕೆ ಬಿದ್ದೆ ಎಂದು ಇಲ್ಲಿಯ ಕನ್ನಡದವರು ಕೇಳುತ್ತಾರೆ, ಕೇಳುವಾಗ ಒಂದು ಹೆಜ್ಜೆ ಹಿಂದೆ ಸರಿದಿರುತ್ತಾರೆ. ಉತ್ತರ ಸಣ್ಣದು. ಧಾರವಾಡದಲ್ಲಿ ಕಾಲೇಜು ಓದುವಾಗ ನಾನು ಎನ್‌ಸಿಸಿಯಲ್ಲಿದ್ದೆ. ವರ್ಷಕ್ಕೊಮ್ಮೆ ನಮ್ಮನ್ನು ಊರ ಹೊರಗಿನ ಗುಡ್ಡದ ಬುಡಕ್ಕೆ ಕರೆದೊಯ್ದು, ಬೋರಲು ಮಲಗಿಸಿ, ಪಾಯಿಂಟ್ ಟೂ ಟೂ ರೈಫಲ್ಲು ಕೈಗೆ ಕೊಟ್ಟು ನಾಲ್ಕೈದು ಗುಂಡು ಹೊಡೆಸುತ್ತಿದ್ದರು. ನನ್ನ ಗುಂಡುಗಳೆಲ್ಲ ಒಂದೇ ಕಡೆ ಬೀಳುತ್ತಿದ್ದವು. ಹವಾಲ್ದಾರ ಗುರಿಯ ಹಲಗೆ ನೋಡಿ, ನನ್ನನ್ನು ನೋಡಿ, ಮತ್ತೆ ಹಲಗೆ ನೋಡುತ್ತಿದ್ದ. ಆಮೇಲೆ ಮದುವೆ, ಕೆನಡಾದ ಬ್ರ್ಯಾಂಪ್ಟನ್, ಮಗಳು, ಬರ್ಲಿಂಗ್ಟನ್ನಿನ ಆಫೀಸು. ಮಗಳು ಬೇರೆ ಊರಿಗೆ ಓದಲು ಹೋದ ವರ್ಷ ಆಫೀಸಿನ ಗೆಳತಿಯೊಬ್ಬಳು ಒಂದು ಶನಿವಾರ ನನ್ನನ್ನು ತನ್ನ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದಳು. ತನ್ನ ರೈಫಲ್ಲು ಕೊಟ್ಟು ಪಕ್ಕದಲ್ಲೇ ನಿಂತಳು. ಇಷ್ಟು ವರ್ಷದ ಮೇಲೂ ಗುಂಡುಗಳು ಒಂದೇ ಕಡೆ ಬಿದ್ದವು. ಅದಕ್ಕಿಂತ ದೊಡ್ಡ ಸಂಗತಿ ಏನೆಂದರೆ, ಆ ಎರಡು ಗಂಟೆ ಉಪ್ಪಿನ ಡಬ್ಬಿ ಎಲ್ಲಿ, ನನ್ನ ನೀಲಿ ಅಂಗಿ ಎಲ್ಲಿ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ ನಾನು ಒಬ್ಬಳೇ ಹಾಡು ಗುನುಗುತ್ತಿದ್ದೆ. ಈ ಶನಿವಾರ ನನಗೆ ಬೇಕು, ಜೀವ ಹೋದರೂ ಬೇಕು ಅನ್ನಿಸಿತು.

ಕೋರ್ಸು ಮುಗಿಸಿದೆ, ಪರೀಕ್ಷೆ ಪಾಸಾದೆ, ಲೈಸನ್ಸಿಗೆ ಅರ್ಜಿ ಹಾಕಿದೆ. ಅದರಲ್ಲಿ ಗಂಡನ ಸಹಿಗೆ ಒಂದು ಜಾಗ ಇರುತ್ತದೆ. ನನ್ನ ಗಂಡ ಸಹಿ ಮಾಡಿದ, ಯಾಕೆಂದರೆ ಸರಕಾರ ನನಗೆ ಲೈಸನ್ಸ್ ಕೊಡುವುದಿಲ್ಲ ಎಂದು ಅವನಿಗೆ ಗಟ್ಟಿ ನಂಬಿಕೆ ಇತ್ತು. ಅವನು ಇಲ್ಲೇ ಒಂದು ಗೋದಾಮಿನಲ್ಲಿ ಸೂಪರ್‌ವೈಸರು. ಒಳ್ಳೆಯ ಮನುಷ್ಯ, ಆದರೆ ಹೆದರಪುಕ್ಕ. ಹೈವೇಯಲ್ಲಿ ನಿಧಾನದವರ ಬಲಗಡೆಯ ಲೇನು ಬಿಟ್ಟು ಕದಲುವುದಿಲ್ಲ, ಊರಿಗೆ ಹೊರಟರೆ ಒಲೆ ಆರಿಸಿದೆಯೋ ನೋಡಲು ಅರ್ಧ ದಾರಿಯಿಂದ ವಾಪಸ್ ಬರುತ್ತಾನೆ. ಲೈಸನ್ಸು ಅಂಚೆಯಲ್ಲಿ ಬಂದ ದಿನ ಅವನಿಗೆ ಊಟ ಸೇರಲಿಲ್ಲ. ಮನೆಯಲ್ಲಿ ಬಂದೂಕು ಬೇಡ ಎಂದು ನೆಟ್ಟಗೆ ಹೇಳಿದ್ದರೆ ಜಗಳ ಮಾಡಿ ಮುಗಿಸುತ್ತಿದ್ದೆವು. ಹಾಗೆ ಹೇಳುವ ಧೈರ್ಯ ಇಲ್ಲದೆ ಅವನು ತನ್ನ ಅವ್ವನನ್ನು ನಡುವೆ ತಂದ.

ಅತ್ತೆ ಆಗ ಧಾರವಾಡದಲ್ಲಿ ದೊಡ್ಡ ಮಗನ ಮನೆಯಲ್ಲಿದ್ದರು. ಮೇ ತಿಂಗಳಲ್ಲಿ ನಮ್ಮಲ್ಲಿಗೆ ಬಂದು ಆರು ತಿಂಗಳು ಇರುವವರಿದ್ದರು. ಅವ್ವ ಬಂದು ಇರುವ ಮನೆ, ಹಾಗಾಗಿ ಅವ್ವ ಹೂಂ ಅಂದರೆ ಮಾತ್ರ ಬಂದೂಕು ತರಬೇಕು ಅಂದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆನಡಾಕ್ಕೆ ಬರುವಾಗ ಇವನು ಅವ್ವನನ್ನು ಕೇಳಿರಲಿಲ್ಲ, ಟಿಕೆಟ್ಟು ತೋರಿಸಿದ್ದ. ಈ ಮನೆ ಕೊಳ್ಳುವಾಗ ಕೇಳಿರಲಿಲ್ಲ, ಗೃಹಪ್ರವೇಶದ ಫೋಟೋ ಕಳಿಸಿದ್ದ. ಈಗ ನನ್ನ ಮೂರು ಕೇಜಿಯ ಬಂದೂಕಿಗೆ ಅವ್ವನ ಅಪ್ಪಣೆ ಬೇಕಂತೆ. ನಾನೂ ಹಟದವಳೇ. ಆಯಿತು, ನಿಮ್ಮವ್ವ ಇಲ್ಲ ಅಂದರೆ ಲೈಸನ್ಸು ಪೆಟ್ಟಿಗೆಯಲ್ಲಿಟ್ಟು ಮರೆತುಬಿಡುತ್ತೇನೆ, ಹೂಂ ಅಂದರೆ ನೀವು ಮತ್ತೆ ಈ ವಿಷಯದಲ್ಲಿ ಬಾಯಿ ತೆಗೆಯಕೂಡದು ಅಂದೆ. ಅವನು ಒಪ್ಪಿದ. ತನ್ನ ಅವ್ವ ಬಂದೂಕಿಗೆ ಹೂಂ ಅನ್ನುವುದು ಸೂರ್ಯ ಪಶ್ಚಿಮಕ್ಕೆ ಹುಟ್ಟಿದಾಗ ಎಂದು ಅವನ ಲೆಕ್ಕ.

ಅಂಗಡಿಯಲ್ಲಿ ನಾನು ಆರಿಸಿಟ್ಟಿದ್ದು ಒಂದು ಸಾದಾ ಸ್ಪೋರ್ಟಿಂಗ್ ರೈಫಲ್ಲು, ಸೆಮಿ-ಆಟೋಮ್ಯಾಟಿಕ್. ಅಂದರೆ ಟ್ರಿಗರ್ ಒಂದು ಸಲ ಎಳೆದರೆ ಒಂದು ಗುಂಡು, ಮುಂದಿನದು ತಾನೇ ಬಂದು ಕೂರುತ್ತದೆ, ಅದು ಹಾರಬೇಕಾದರೆ ಮತ್ತೆ ಎಳೆಯಬೇಕು. ಸುಮ್ಮನೆ ಒತ್ತಿ ಹಿಡಿದರೆ ಸುರಿಮಳೆ ಹೊಡೆಯುವ ಪೂರ್ತಿ ಆಟೋಮ್ಯಾಟಿಕ್ ಈ ದೇಶದಲ್ಲಿ ಯಾರೂ ಹೀಗೆ ಹೋಗಿ ಕೊಳ್ಳುವಂತಿಲ್ಲ. ಸೆಮಿಯಲ್ಲೂ ಈಚಿನ ವರ್ಷಗಳಲ್ಲಿ ಬಹಳಷ್ಟನ್ನು ನಿಷೇಧ ಮಾಡಿದ್ದಾರೆ. ನಾನು ಆರಿಸಿದ್ದು ಇನ್ನೂ ಉಳಿದುಕೊಂಡ ಬಡಪಾಯಿ ಪಾಯಿಂಟ್ ಟೂ ಟೂ. ಅಂಗಡಿಯವನು ಅದನ್ನು ಬಾಯಿ ತುಂಬ ಸೆಮಿ-ಆಟೋಮ್ಯಾಟಿಕ್ ಎಂದು ಕರೆಯುತ್ತಿದ್ದ. ಬಂದೂಕು ಅಂದರೆ ಅತ್ತೆಯ ಎದೆ ಧಸಕ್ಕೆಂದೀತು, ಈ ಮರ್ಯಾದೆಯ ಶಬ್ದದಿಂದ ಶುರು ಮಾಡಿ ನಿಧಾನಕ್ಕೆ ವಿಷಯಕ್ಕೆ ಬಂದರಾಯಿತು ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಗಂಡ ಎದುರಿಗೆ ಕುರ್ಚಿ ಎಳೆದುಕೊಂಡು, ಗೆದ್ದವನ ಮುಖ ಮಾಡಿಕೊಂಡು ಕೂತ.

"ಅತ್ತಿ, ನಾ ಒಂದು ಸೆಮಿ-ಆಟೋಮ್ಯಾಟಿಕ್ ತಗೋಬೇಕಂತ ಮಾಡೇನ್ರಿ. ನೀವು ಹೂಂ ಅಂದ್ರ ತಗೋತೀನಿ, ಇಲ್ಲಾಂದ್ರ ಇಲ್ರಿ."

"ಅಯ್ಯ, ತಗೋ ತಗೋ. ಇಷ್ಟ ದಿನ ಕೈಲೇ ಮಾಡಾಕತ್ತಿದ್ದೀ ಏನ?"

ಕೈಲೇ ಏನು ಮಾಡುತ್ತಿದ್ದೆ ಎಂದು ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅವರು ಲೋಡು ಎಷ್ಟು ಹಿಡಿಯುತ್ತದೆ ಎಂದು ಕೇಳಿದರು. ಅತ್ತೆಗೆ ಇಷ್ಟು ತಿಳಿದಿದೆಯಲ್ಲ ಎಂದು ಬೆರಗಾಗಿ ಹತ್ತು ಅಂದೆ, ಯಾಕೆಂದರೆ ಮ್ಯಾಗಜೀನಿನಲ್ಲಿ ಹತ್ತು ಗುಂಡು ಕೂರುತ್ತವೆ. ಹತ್ತೇ, ಹಾಗಾದರೆ ದೊಡ್ಡದೇ ಆಯಿತು, ಆದರೂ ಪೂರ್ತಿ ತುಂಬಬೇಡ ಅಂದರು. ಅದು ಸರಿಯೆನ್ನಿಸಿತು. ಸಪ್ಪಳ ಬಹಳವೇ ಎಂದು ಕೇಳಿದರು. ಹೌದು, ಕಿವಿಗೆ ಮುಚ್ಚಳ ಹಾಕಿಕೊಂಡೇ ನಡೆಸಬೇಕು ಅಂದೆ. ಮನೆಯೊಳಗೆ ಎಲ್ಲಿ ಇಡುತ್ತೀ ಅಂದರು. ಬೇಸ್‌ಮೆಂಟಿನಲ್ಲಿ ಕೀಲಿ ಹಾಕಿ ಇಡುವುದು, ನಡೆಸಲು ಮಾತ್ರ ಶನಿವಾರ ಊರ ಹೊರಗೆ ತೆಗೆದುಕೊಂಡು ಹೋಗುವುದು ಅಂದೆ. ಅವರು ಗಾಬರಿಯಾಗಿ, ಅಷ್ಟು ಭಾರದ್ದನ್ನು ಯಾರು ಎತ್ತುತ್ತಾರೆ ಅಂದರು. ಮೂರು ಕೇಜಿಯೂ ಇಲ್ಲವೆಂದೆ. ಕೆನಡಾದ ಮಾಲೇ ಬೇರೆ ಎಂದು ಅವರು ಮೂಗಿನ ಮೇಲೆ ಬೆರಳಿಟ್ಟದ್ದು ನನಗೆ ಫೋನಿನಲ್ಲೇ ಕಾಣಿಸಿತು.

ಆಮೇಲೆ ಅತ್ತೆ, ಇಷ್ಟು ದುಡಿಯುವವರು ಫುಲ್ಲಿ ಆಟೋಮ್ಯಾಟಿಕ್ಕೇ ತಗೋಬಾರದೇ ಎಂದು ಕೇಳಿದರು. ಅದು ಇಲ್ಲಿ ಕಾನೂನಿನ ಪ್ರಕಾರ ಬ್ಯಾನ್ ಆಗಿದೆ, ಇಟ್ಟುಕೊಂಡವರನ್ನು ಜೈಲಿಗೆ ಹಾಕುತ್ತಾರೆ ಅಂದೆ. ಅಯ್ಯ, ನೀರು ಉಳಿಸಲು ಮಾಡಿರಬೇಕು ಅಂದರು.

ಆಗ ನನಗೆ ಹೊಳೆಯಿತು. ನಮ್ಮ ಕಡೆ ಸೆಮಿ-ಆಟೋಮ್ಯಾಟಿಕ್ ಅಂದರೆ ಒಂದೇ, ಬಟ್ಟೆ ಒಗೆಯುವ ಮಷಿನ್ನು. ಒಂದು ಕಡೆ ಒಗೆಯುವ ತೊಟ್ಟಿ, ಪಕ್ಕದಲ್ಲಿ ಹಿಂಡುವ ತೊಟ್ಟಿ, ನಡುವೆ ನಾವು ಕೈಯಿಂದ ಎತ್ತಿ ಹಾಕಬೇಕು, ಅದಕ್ಕೇ ಅದು ಸೆಮಿ. ತಲೆ ಎತ್ತಿ ನೋಡಿದರೆ ಗಂಡನ ಮುಖದಲ್ಲಿ ರಕ್ತವಿಲ್ಲ. ಅವನು ಕೈಸನ್ನೆಯಲ್ಲಿ ಹೇಳು, ಹೇಳು ಅನ್ನುತ್ತಿದ್ದ. ನಾನು ಫೋನನ್ನು ಅವನ ಕಡೆಗೆ ತಳ್ಳಿ, ನೀವೇ ಹೇಳಿ ಎಂದು ಸನ್ನೆ ಮಾಡಿದೆ. ನನ್ನ ಹೆಂಡತಿ ಬಂದೂಕು ತಗೊಂಡಳು ಎಂದು ಅವ್ವನಿಗೆ ಹೇಳಿದರೆ ಸಂಜೆಯೊಳಗೆ ಧಾರವಾಡ, ಮರುದಿನ ಹುಬ್ಬಳ್ಳಿ, ಅದರ ಮರುದಿನ ಬೆಳಗಾವಿ. ಅಷ್ಟು ಮಾನ ಅವನ ಹತ್ತಿರ ಇರಲಿಲ್ಲ. ಅವ್ವ, ಆರಾಮ ಇದೀಯಾ ಎಂದು ಕೇಳಿ ಫೋನ್ ಇಟ್ಟ.

ಮೋಸ, ಮೋಸ ಎಂದು ಅವನು ಎರಡು ದಿನ ಗೊಣಗಿದ. ನಾನು ಒಂದೇ ಒಂದು ಸುಳ್ಳು ಹೇಳಿದ್ದರೆ ತೋರಿಸಿ ಅಂದೆ. ಬಂದೂಕು ಮನೆಗೆ ಬಂತು.

ಅದರ ಹಿಂದೆಯೇ ಸಲಹೆಗಳು ಬಂದವು. ಅತ್ತೆ ಕೇಳಿ ಸುಮ್ಮನಿರುವವರಲ್ಲ. ಕೆನಡಾದಲ್ಲಿ ಫುಲ್ಲಿ ಆಟೋಮ್ಯಾಟಿಕ್ ಇಟ್ಟುಕೊಂಡರೆ ಜೈಲಂತೆ ಎಂದು ಇಡೀ ಬಳಗಕ್ಕೆ ಸುದ್ದಿ ಮುಟ್ಟಿತ್ತು, ಎಲ್ಲರಿಗೂ ನನ್ನ ಮೇಲೆ ಕರುಣೆ ಉಕ್ಕಿತ್ತು. ನೆಗೆಣ್ಣಿ, ಅಂದರೆ ದೊಡ್ಡ ಮಗನ ಹೆಂಡತಿ, ವಾಟ್ಸಾಪಿನಲ್ಲಿ ಧ್ವನಿ ಕಳಿಸಿದಳು: ಪೌಡರ್ ಜಾಸ್ತಿ ಆದರೆ ಒಳಗೆ ಗಟ್ಟಿಯಾಗಿ ಅಂಟಿ ಕೂರುತ್ತದೆ, ಪ್ರತಿ ಸಲ ನಡೆಸಿದ ಮೇಲೆ ಒರೆಸಿ ಒಣಗಿಸಿ ಇಡು. ನಾದಿನಿ, ಹೊಸದರಲ್ಲಿ ಯಾರ ಕೈಗೂ ಕೊಡಬೇಡ, ಒಬ್ಬರ ಕೈಯಲ್ಲಿದ್ದರೇ ಬಾಳಿಕೆ ಬರುತ್ತದೆ ಅಂದಳು. ಚಿಕ್ಕತ್ತೆ, ಚಿಕ್ಕ ಮಕ್ಕಳು ಬಂದಾಗ ಮೊದಲು ಕೀಲಿ ನೋಡು, ಮಕ್ಕಳಿಗೆ ಗುಂಡಿ ಕಂಡರೆ ಒತ್ತುವ ಚಟ ಅಂದರು. ನಾನು ಎಲ್ಲವನ್ನೂ ಕೂತು ಕೇಳಿದೆ. ಕೇಳುತ್ತ ಕೇಳುತ್ತ ನನಗೆ ತಲೆ ತಿರುಗಿತು, ಯಾಕೆಂದರೆ ಒಂದೂ ತಪ್ಪಿರಲಿಲ್ಲ. ಕೋರ್ಸಿನಲ್ಲಿ ದಿನವಿಡೀ ಕೂರಿಸಿ ಹೇಳಿದ್ದನ್ನು ಇವರು ಅಡುಗೆ ಮಾಡುತ್ತ ಹೇಳುತ್ತಿದ್ದರು.

ನಿಜವಾದ ಪರೀಕ್ಷೆ ರೇಂಜಿನಲ್ಲಿ ಆಯಿತು. ರೇಂಜು ಅಂದರೆ ಗುಂಡು ಹೊಡೆಯುವ ಬಯಲು, ನಮ್ಮ ಮನೆಯಿಂದ ಮೆಕ್ಕೆಜೋಳದ ಹೊಲಗಳನ್ನು ದಾಟಿ ಹೋಗಬೇಕು. ಮೂರನೆಯ ಶನಿವಾರವೋ ನಾಲ್ಕನೆಯದೋ, ಹೊಡೆದ ಗುಂಡಿನ ಖಾಲಿ ಕೊಳವೆಯೊಂದು ಹೊರಗೆ ಹಾರದೆ ಬಂದೂಕಿನ ಬಾಗಿಲಲ್ಲೇ ಸಿಕ್ಕಿಕೊಂಡಿತು. ಸೆಮಿ-ಆಟೋಮ್ಯಾಟಿಕ್‌ನಲ್ಲಿ ಇದು ಆಗುತ್ತದೆ, ಹೊಸಬರು ಅಲ್ಲೇ ಗಡಿಬಿಡಿ ಮಾಡುತ್ತಾರೆ. ನನ್ನ ಬೆರಳೂ ಒಳಗೆ ಹೋಗುವುದರಲ್ಲಿತ್ತು. ಆಗ ಅತ್ತೆ ಹಿಂದಿನ ವಾರವಷ್ಟೇ ಹೇಳಿದ್ದು ಕಿವಿಯಲ್ಲಿ ಬಂತು: ಒಳಗೆ ಏನಾದರೂ ಸಿಕ್ಕಿಕೊಂಡರೆ ಕೈ ಹಾಕಬೇಡ, ಮೊದಲು ಪೂರ್ತಿ ಬಂದ್ ಮಾಡು, ತುಂಬಿದ್ದನ್ನು ತೆಗಿ, ಆಮೇಲೆ ನೋಡು. ಸೇಫ್ಟಿ ಹಾಕಿದೆ, ಮ್ಯಾಗಜೀನು ತೆಗೆದೆ, ಮೂತಿ ಗುರಿಯ ಕಡೆಗೇ ಇಟ್ಟುಕೊಂಡು ಬೋಲ್ಟು ಹಿಂದೆಳೆದು ಕೊಳವೆ ಉದುರಿಸಿದೆ. ರೇಂಜಿನ ಉಸ್ತುವಾರಿಯ ಮುದುಕ ಬಂದು, ಇಷ್ಟು ಸಮಾಧಾನ ಯಾರು ಕಲಿಸಿದರು ಎಂದು ಕೇಳಿದ. ನನ್ನ ಅತ್ತೆ ಅಂದೆ. ಅವರೂ ಶೂಟರೇ ಎಂದ. ಇಲ್ಲ, ಅವರ ಮಷಿನ್ನಿನಲ್ಲಿ ಸಿಕ್ಕಿಕೊಳ್ಳುವುದು ಚಾದರಗಳು ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು. ಬಹಳ ವರ್ಷದ ಅನುಭವ ಎಂದಷ್ಟೇ ಹೇಳಿದೆ.

ಮೇ ತಿಂಗಳಲ್ಲಿ ಅತ್ತೆ ಬಂದರು. ಸೂಟ್‌ಕೇಸಿನಲ್ಲಿ ಶೇಂಗಾ ಚಟ್ನಿಪುಡಿ, ಕರದಂಟು, ಕಟಕು ರೊಟ್ಟಿ, ಎಲ್ಲದರ ಕೆಳಗೆ ಮಡಿಸಿಟ್ಟ ಒಂದು ಪ್ಲಾಸ್ಟಿಕ್ಕಿನ ಹೊದಿಕೆ. ಗುಲಾಬಿ ಹೂವಿನ ಚಿತ್ರ, ಅಂಚಿಗೆ ಎಲಾಸ್ಟಿಕ್ಕಿನ ನೆರಿಗೆ. ಮಷಿನ್ನಿಗೆ ಧೂಳು ಕೂರಬಾರದೆಂದು ಧಾರವಾಡದ ಮಾರ್ಕೆಟ್ಟಿನಲ್ಲಿ ತಾವೇ ನಿಂತು ಆರಿಸಿದ್ದು. ಗಂಡ ಅದನ್ನು ನೋಡಿ ಮಹಡಿ ಹತ್ತಿ ಹೋದ, ಊಟಕ್ಕೆ ಕರೆಯುವ ತನಕ ಇಳಿಯಲಿಲ್ಲ.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಅತ್ತೆ ಹೊದಿಕೆ ಹಿಡಿದು ಬೇಸ್‌ಮೆಂಟಿಗೆ ಹೊರಟರು. ಇವತ್ತು ಹೇಳಿಯೇ ಬಿಡಬೇಕೆಂದು ನಾನೂ ಹಿಂದೆ ಇಳಿದೆ. ಆದರೆ ಬಂದೂಕಿನ ಕಪಾಟಿಗೆ ಮುಂಚೆ ಅವರಿಗೆ ಕಂಡದ್ದು ನಮ್ಮ ನಿಜವಾದ ಬಟ್ಟೆ ಮಷಿನ್ನು. ಇಲ್ಲಿ ಎಲ್ಲರ ಮನೆಯಲ್ಲೂ ಇರುವಂಥದೇ, ಮುಂದೆ ಗಾಜಿನ ಬಾಗಿಲು, ಪೂರ್ತಿ ಆಟೋಮ್ಯಾಟಿಕ್ಕು. ಅತ್ತೆ ಬಗ್ಗಿ ನೋಡಿದರು. ಹಿಂಡುವ ತೊಟ್ಟಿ ಹುಡುಕಿದರು, ಸಿಗಲಿಲ್ಲ. ನನ್ನ ಕಡೆ ತಿರುಗಿದಾಗ ಅವರ ಮುಖ ಸಣ್ಣಗಾಗಿತ್ತು. ದನಿ ಇಳಿಸಿ, ಇದು ಫುಲ್ಲಿ ಇದ್ದಂತಿದೆಯಲ್ಲ, ಯಾರಿಗೂ ಗೊತ್ತಿಲ್ಲ ತಾನೇ ಎಂದು ಕೇಳಿದರು.

ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಏಸಿ ಸರ್ವೀಸಿನವನು. ಅವನು ಆ ದಿನ ಬರುವುದನ್ನು ಮರೆತೇಬಿಟ್ಟಿದ್ದೆ. ಯೂನಿಫಾರ್ಮು ಹಾಕಿದ, ಸೊಂಟಕ್ಕೆ ಟೂಲುಗಳನ್ನು ಸಿಗಿಸಿಕೊಂಡ ಎತ್ತರದ ಆಳು. ಮನೆಗೆ ಬಿಸಿಗಾಳಿಯನ್ನೂ ಏಸಿಯ ತಂಪನ್ನೂ ಹರಿಸುವ ಫರ್ನೇಸು ಬೇಸ್‌ಮೆಂಟಿನಲ್ಲೇ ಇರುವುದರಿಂದ ಅವನನ್ನು ಕರೆದುಕೊಂಡು ಕೆಳಗಿಳಿದೆ. ನೋಡಿದರೆ ಅತ್ತೆ ಅಷ್ಟರಲ್ಲಿ ಮಷಿನ್ನಿಗೆ ಗುಲಾಬಿ ಹೊದಿಕೆ ಎಳೆದು ಮುಚ್ಚಿ, ಅದರ ಮುಂದೆ ಸ್ಟೂಲು ಹಾಕಿಕೊಂಡು, ಸೆರಗು ಅಗಲ ಮಾಡಿ ಕೂತಿದ್ದರು. ಕೈಯಲ್ಲಿ ಜಪದ ಹಾಗೆ ಏನನ್ನೋ ಎಣಿಸುತ್ತಿದ್ದರು. ಅವನು ನಕ್ಕು ನಮಸ್ಕಾರದಂತೆ ತಲೆಬಾಗಿಸಿದ.

"ನೋ ಮಷಿನ್," ಅಂದರು ಅತ್ತೆ. ಅವರ ಇಂಗ್ಲಿಷು ಅಷ್ಟೇ.

ಅವನು ತಾನು ಏಸಿಗೆ ಬಂದದ್ದು ಅಂದ. ಅತ್ತೆ ನೋ ಮಷಿನ್ ಎಂದು ಮತ್ತೆ ಹೇಳಿ ಸ್ಟೂಲನ್ನು ಇನ್ನೂ ಹಿಂದಕ್ಕೆ ಸರಿಸಿಕೊಂಡರು. ಅವನು ಫರ್ನೇಸಿನ ಕೆಲಸ ಮುಗಿಸುವ ತನಕ ಅವರು ಎದ್ದೇಳಲಿಲ್ಲ, ರೆಪ್ಪೆ ಬಡಿಯಲಿಲ್ಲ. ಹೋಗುವಾಗ ಅವನು ನನ್ನನ್ನು ಪಕ್ಕಕ್ಕೆ ಕರೆದು, ಆ ಅಮ್ಮ ಆರಾಮವಾಗಿದ್ದಾರೆಯೇ ಎಂದು ವಿಚಾರಿಸಿದ. ನಗುವನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಬಾಗಿಲು ಹಾಕಿದೆ. ಕೆಳಗೆ ಬಂದಾಗ ಅತ್ತೆ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದರು. ನನ್ನನ್ನು ಜೈಲಿನಿಂದ ಉಳಿಸಿದ ಹೆಂಗಸು ಇವರು ಅನ್ನಿಸಿ ನಗು ಅಲ್ಲೇ ನಿಂತುಹೋಯಿತು.

ಕಪಾಟಿನ ಕೀಲಿ ತೆಗೆದು ಬಂದೂಕು ತೋರಿಸಿದೆ. ಸೆಮಿ-ಆಟೋಮ್ಯಾಟಿಕ್ ಅಂದರೆ ಇದು ಅಂದೆ. ಅವರು ಬಹಳ ಹೊತ್ತು ನೋಡಿದರು. ತುಟಿ ಅಲುಗುತ್ತಿತ್ತು. ಹತ್ತು ಲೋಡು, ಕಿವಿಗೆ ಹಾಕಿಕೊಳ್ಳುವುದು, ಊರ ಹೊರಗೆ ಎತ್ತಿಕೊಂಡು ಹೋಗುವುದು, ಒಂದೊಂದನ್ನೇ ಮನಸ್ಸಿನಲ್ಲಿ ಹೊಂದಿಸಿಕೊಳ್ಳುತ್ತಿದ್ದರು ಎಂದು ಕಾಣುತ್ತದೆ. ಕೇಳಿದ್ದು ಒಂದೇ, ತಮ್ಮ ಮಗನಿಗೆ ಇದು ಮೊದಲೇ ಗೊತ್ತಿತ್ತೇ ಎಂದು. ಗೊತ್ತಿತ್ತು, ಅವರ ಹೂಂ ಬೇಕೆಂದು ಹಟ ಹಿಡಿದವನೇ ಅವನು ಅಂದೆ. ನಮ್ಮಿಬ್ಬರ ಒಪ್ಪಂದವನ್ನೂ ಹೇಳಿದೆ.

"ನಾ ಹೂಂ ಅಂದಿದ್ದು ಬಟ್ಟಿ ಮಷಿನಿಗೆ," ಅಂದರು. "ಈಗ ಬಂದೂಕಂತ ಹೇಳಿ ಕೇಳು."

ಇಲ್ಲ ಅಂದರೆ ಅಂಗಡಿಗೆ ಮರಳಿಸುವುದೇ, ಬೇರೆ ದಾರಿಯಿಲ್ಲ. ಶನಿವಾರ ಹೋಯಿತು ಎಂದುಕೊಂಡೆ. ಆದರೂ ಕೇಳಿದೆ, ಬಂದೂಕು ಅನ್ನುವ ಶಬ್ದವನ್ನೇ ಇಟ್ಟು ಕೇಳಿದೆ. ಇದು ನನಗೆ ಬೇಕು, ಇದರಲ್ಲಿ ನನಗೆ ಸುಖ ಇದೆ ಎಂದೂ ಹೇಳಿದೆ. ಆ ಮಾತನ್ನು ಗಂಡನಿಗೂ ಅಷ್ಟು ಬಿಡಿಸಿ ಹೇಳಿರಲಿಲ್ಲ.

ಅತ್ತೆ ಸ್ಟೂಲಿನಿಂದ ಎದ್ದರು. ವಿಚಾರ ಮಾಡಿ ಹೇಳುತ್ತೇನೆ ಎಂದು ಮೆಟ್ಟಿಲು ಹತ್ತಿದರು.

ಆ ವಿಚಾರ ಮೇ ಮುಗಿದರೂ ಮುಗಿಯಲಿಲ್ಲ, ಜೂನ್ ಮುಗಿದರೂ ಮುಗಿಯಲಿಲ್ಲ. ಅಲ್ಲಿಯ ತನಕ ಶನಿವಾರ ನಡೆಯಲಿ, ಆದರೆ ನೋಡದೆ ಹೇಗೆ ಹೇಳುವುದು, ತಾನೂ ಬರುತ್ತೇನೆ ಅಂದರು. ಹೀಗೆ ಇಳಕಲ್ ಸೀರೆಯ ಮೇಲೆ ಮಗಳ ಹಳೆಯ ಸ್ವೆಟರು, ಸೆರಗಿನ ಮೇಲೆ ಕಿವಿಗೆ ದೊಡ್ಡ ಕೆಂಪು ಮುಚ್ಚಳ ಹಾಕಿಕೊಂಡ ನಮ್ಮ ಅತ್ತೆ ವಾರವಾರ ರೇಂಜಿನ ಹಿಂದಿನ ಬೆಂಚಿನಲ್ಲಿ ಕೂರತೊಡಗಿದರು. ಉಸ್ತುವಾರಿಯ ಮುದುಕ, ಬಹಳ ವರ್ಷದ ಅನುಭವದ ಅತ್ತೆ ಇವರೇ ಎಂದು ತಿಳಿದು, ಅವರಿಗೆ ದಿಂಬು ತಂದುಕೊಟ್ಟ. ಹೊಸಬರು ಬಂದರೆ ಅವರ ಕಡೆ ತೋರಿಸಿ ಏನೋ ಪಿಸುಗುಟ್ಟುತ್ತಿದ್ದ. ಅತ್ತೆ ಯಾರನ್ನೂ ನಿರಾಶೆ ಮಾಡಲಿಲ್ಲ. ಕೊಳವೆ ಸಿಕ್ಕಿಕೊಂಡವನು ಗಡಿಬಿಡಿ ಮಾಡಿದರೆ ದೂರದಿಂದಲೇ ಕೈ ಎತ್ತಿ ನಿಲ್ಲಿಸುತ್ತಿದ್ದರು, ಅವನು ನಿಲ್ಲುತ್ತಿದ್ದ.

ಮನೆಯಲ್ಲಿ ಬೇರೆಯೇ ನಾಟಕ. ಅವ್ವ ಇನ್ನೂ ತೀರ್ಮಾನ ಹೇಳಿಲ್ಲ ಎಂದು ಗೊತ್ತಾದೊಡನೆ ಗಂಡನಿಗೆ ಜೀವ ಬಂತು. ಅವ್ವನನ್ನು ತನ್ನ ಕಡೆ ಎಳೆದುಕೊಳ್ಳಲು ಶುರು ಮಾಡಿದ. ಭಾನುವಾರ ಜೆರಾರ್ಡ್ ಇಂಡಿಯಾ ಬಜಾರಿಗೆ ಕರೆದೊಯ್ದು ಪಾನ್ ತಿನ್ನಿಸಿ, ಯಾವ ಬೇಳೆ ಒಳ್ಳೆಯದು ಎಂದು ಕೇಳಿದ. ನಾನು ಬಿಡುತ್ತೇನೆಯೇ, ಬೆಳಿಗ್ಗೆ ಎದ್ದೊಡನೆ ರೊಟ್ಟಿಯೋ ಚಪಾತಿಯೋ ಎಂದು ಕೇಳಿದೆ. ಅವನು ಹಾಲ್‌ನ ಪರದೆಯ ಬಣ್ಣ ಕೇಳಿದ. ನಾನು ಹಿತ್ತಲಲ್ಲಿ ಮೆಂತ್ಯ ಹಾಕುವುದೋ ಕೊತ್ತಂಬರಿಯೋ ಎಂದು ಕೇಳಿದೆ. ಅವನು ಹೋಗಿ ಹೋಗಿ ಕಾರಿಗೆ ಚಳಿಗಾಲದ ಟೈರು ಯಾವಾಗ ಹಾಕಿಸಬೇಕು ಎಂದು ಕೇಳಿದ. ಜನ್ಮದಲ್ಲಿ ಹಿಮ ನೋಡದ ಅತ್ತೆ ಕಣ್ಣು ಮುಚ್ಚಿ ಯೋಚಿಸಿ, ದೀಪಾವಳಿ ಆದ ಮೇಲೆ ಅಂದರು. ಅದೂ ಸರಿಯಾಗಿಯೇ ಇತ್ತು. ಮಗಳು ರಜೆಗೆ ಬಂದವಳು ಇದನ್ನೆಲ್ಲ ನೋಡಿ, ಈ ಮನೆಗೆ ಏನಾಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿ, ಅಜ್ಜಿಯ ಒಪ್ಪಿಗೆ ಪಡೆದು ಕೂದಲು ಕತ್ತರಿಸಿಕೊಂಡು ಹೋದಳು.

ಅತ್ತೆಯ ಕಳೆಯೇ ಬದಲಾಗಿತ್ತು. ಬಂದಾಗ ಸೋಫಾದ ತುದಿಗೆ ಕೂರುತ್ತಿದ್ದವರು ಈಗ ನಡುವೆ ಕೂರುತ್ತಿದ್ದರು. ಬಂದೂಕಿನ ಮಾತು ತೆಗೆದರೆ ಮಾತ್ರ, ವಿಚಾರ ಮಾಡುತ್ತಿದ್ದೇನೆ. ನನಗೆ ಸಿಟ್ಟು ಬರುತ್ತಿತ್ತು. ಹೌದೋ ಅಲ್ಲವೋ ಅನ್ನಲು ಇಷ್ಟು ಕಾಲ ಬೇಕೇ, ಇದೇನು ಸುಪ್ರೀಂ ಕೋರ್ಟೇ ಎಂದು ಪಾತ್ರೆ ಕುಕ್ಕುತ್ತಿದ್ದೆ. ಪ್ರತಿ ಶನಿವಾರ ಇದೇ ಕೊನೆಯದಿರಬಹುದು ಎಂದುಕೊಂಡೇ ಗುರಿ ಹಿಡಿಯುತ್ತಿದ್ದೆ, ಹಾಗೆ ಹಿಡಿದಾಗ ಗುಂಡು ಅಲ್ಲೊಂದು ಇಲ್ಲೊಂದು ಬೀಳುತ್ತಿತ್ತು.

ಅಕ್ಟೋಬರಿನಲ್ಲಿ, ಅತ್ತೆ ಹೊರಡುವ ದಿನ ಹತ್ತಿರ ಬಂದಾಗ, ಸಂಜೆ ಚಹಾ ಕುಡಿಯುತ್ತ ಕೂತಿದ್ದೆವು. ನನಗಿಂತ ಮುಂಚೆ ಗಂಡನೇ ಸೋತ. ಇನ್ನು ಕೇಳಲು ಅವನ ಹತ್ತಿರ ಪ್ರಶ್ನೆಗಳು ಉಳಿದಿರಲಿಲ್ಲವೇನೋ.

"ಅವ್ವ, ಹೂಂ ಅನ್ನು, ಇಲ್ಲಾ ಬ್ಯಾಡ ಅನ್ನು. ಒಂದು ಹೇಳಿಬಿಡು ಬೇ."

ಅತ್ತೆ ಬಸಿಯಲ್ಲಿ ಸುರಿದುಕೊಂಡ ಚಹಾವನ್ನು ಪೂರ್ತಿ ಕುಡಿದರು.

"ಹೂಂ ಅಂದ್ರೂ ಮುಗೀತು, ಬ್ಯಾಡ ಅಂದ್ರೂ ಮುಗೀತು," ಅಂದರು. "ಮರುದಿನದಿಂದ ನನ್ನ ಯಾರ ಕೇಳ್ತಾರ? ಅಲ್ಲೆ ಬದನಿಕಾಯಿ ತರೋದೋ ಬೆಂಡಿಕಾಯಿ ತರೋದೋ ಅಂತ ಸುದ್ದಾ ಯಾರೂ ಕೇಳಂಗಿಲ್ಲ."

ದೂರುವ ದನಿಯಲ್ಲಿ ಹೇಳಲಿಲ್ಲ, ಇವತ್ತು ಮೋಡ ಆಗಿದೆ ಎಂದು ಹೇಳಿದ ಹಾಗೆ ಹೇಳಿದರು. ಗಂಡ ತನ್ನ ಕಪ್ಪಿನೊಳಗೆ ನೋಡುತ್ತ ಕೂತ. ಅವನ ಕಿವಿ ಕೆಂಪಾಗಿತ್ತು. ನನಗೆ ಅಳು ಬಂತು. ಈ ಇಡೀ ಬೇಸಿಗೆ ನಾನು ನನ್ನ ಎರಡು ಗಂಟೆಗಾಗಿ ಒದ್ದಾಡುತ್ತಿದ್ದೆ, ನನ್ನನ್ನು ಯಾರೂ ಏನೂ ಕೇಳದ ಎರಡು ಗಂಟೆ. ಅವರು ಯಾರಾದರೂ ಏನಾದರೂ ಕೇಳಲಿ ಎಂದು ಕೂತಿದ್ದರು. ಒಂದೇ ಸೋಫಾದಲ್ಲಿ ಕೂತೂ ನನಗೆ ಅದು ಕಾಣಲಿಲ್ಲ.

ಬಂದೂಕಿನ ಆಸೆ ಆ ಗಳಿಗೆಯಲ್ಲಿ ಹೋಗಿತ್ತು ಅಂದರೆ ಸುಳ್ಳಾಗುತ್ತದೆ. ಬಂದೂಕೂ ಬೇಕಿತ್ತು, ಅತ್ತೆ ಮತ್ತೆ ಸೋಫಾದ ತುದಿಗೆ ಹೋಗುವುದೂ ಬೇಡವಾಗಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ.

"ಅತ್ತಿ, ನೀವು ಹೂಂ ಅಂದ್ರ ಇನ್ನೊಂದು ಕೇಳೋದೈತ್ರಿ. ಬಂದೂಕಿನ ಮ್ಯಾಲೆ ಹಾಕೋ ದುರ್ಬೀನು ಸಿಗ್ತೈತಿ. ತಗೋಬೇಕೋ ಬ್ಯಾಡೋ, ನನಗ ತಿಳೀವಲ್ದು."

ಅತ್ತೆ ಬಸಿ ಕೆಳಗಿಟ್ಟರು. ಅದರಲ್ಲಿ ದೂರದ್ದು ಹತ್ತಿರ ಕಾಣುತ್ತದೆಯೇ ಎಂದು ಕೇಳಿದರು. ಕಾಣುತ್ತದೆ ಅಂದೆ. ಗಂಡ ತಲೆ ಎತ್ತಿ ನನ್ನನ್ನು ನೋಡಿದ. ಅವನಿಗೆ ಅರ್ಥವಾಗಿತ್ತು. ಅವ್ವ, ಅದರಲ್ಲೂ ಎರಡು ನಮೂನೆ ಇರುತ್ತದಂತೆ, ಯಾವುದು ತಗೋಬೇಕು ಎಂದು ನೀನೇ ಹೇಳಬೇಕು ಎಂದು ತಾನೂ ಸೇರಿಸಿದ. ದುರ್ಬೀನಿನ ಗಂಧಗಾಳಿ ಅವನಿಗೆ ಇರಲಿಲ್ಲ.

ಅತ್ತೆ ನಮ್ಮಿಬ್ಬರ ಮುಖವನ್ನೂ ಒಂದೊಂದಾಗಿ ನೋಡಿದರು. ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತರು.

"ಬಂದೂಕಿಗೆ ಹೂಂ," ಅಂದರು. "ದುರ್ಬೀನಿಗೆ ವಿಚಾರ ಮಾಡ್ಬೇಕಾಗ್ತೈತಿ. ನಾ ಧಾರವಾಡಕ್ಕ ಹೋದ ಮ್ಯಾಲೆ ಫೋನ್ ಮಾಡಿ ಕೇಳ್ರಿ. ಇಬ್ಬರೂ ಮಾಡ್ರಿ."